ಶೇ 3.1ರವರೆಗೆ ಏರಿ ಸೊನ್ನೆಗೆ ಇಳಿದದ್ದು ಹೇಗೆ? 2024 ವೈಆರ್4 ಲೆಕ್ಕದ ಟಿಪ್ಪಣಿ

2025ರ ಆರಂಭದಲ್ಲಿ ಜೋರಾಗಿ ಸುದ್ದಿಯಾದ ಕ್ಷುದ್ರಗ್ರಹ ಇದು. ಕಥೆ ಹೆಚ್ಚಿನವರಿಗೆ ಗೊತ್ತಿದೆ, ಆದ್ದರಿಂದ ತಾರೀಖುಗಳನ್ನಷ್ಟೇ ಬರೆದಿಡುತ್ತೇನೆ. 2024ರ ಡಿಸೆಂಬರ್ 27ರಂದು ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಇದು ಕಾಣಿಸಿತು. ಅಷ್ಟರಲ್ಲಿ ಅದು ಭೂಮಿಯ ಸಮೀಪ ಬಂದು ದಾಟಿ ಎರಡು ದಿನ ಆಗಿತ್ತು, ಅಂದರೆ ಕಂಡಿದ್ದೇ ದೂರ ಹೋಗುವಾಗ. 2032ರ ಡಿಸೆಂಬರ್ 22ಕ್ಕೆ ಭೂಮಿಗೆ ಬಡಿಯುವ ಸಾಧ್ಯತೆ ಇದೆ ಎಂದು ಲೆಕ್ಕ ಹೇಳಿತು. ಜನವರಿ ಕೊನೆಯ ಹೊತ್ತಿಗೆ ಆ ಸಾಧ್ಯತೆ ಶೇ 1 ದಾಟಿತು. ಫೆಬ್ರುವರಿ 18ಕ್ಕೆ ನಾಸಾ ಲೆಕ್ಕದಲ್ಲಿ ಶೇ 3.1. ಮರುದಿನ ಶೇ 1.5. ಒಂದು ವಾರದೊಳಗೆ ಶೇ 0.004.

ಏರುವಾಗ ನೋಡಿದವರಿಗೆ ಕಲ್ಲು ನಮ್ಮ ಕಡೆಗೇ ತಿರುಗುತ್ತಿದೆ ಅನ್ನಿಸುತ್ತದೆ. ಇಳಿದಾಗ ನೋಡಿದವರಿಗೆ ಮೊದಲು ಹೇಳಿದ್ದೆಲ್ಲ ಸುಳ್ಳು ಅನ್ನಿಸುತ್ತದೆ. ಎರಡೂ ಅಲ್ಲ. ಕಲ್ಲಿನ ದಾರಿ ಒಂದು ಚೂರೂ ಬದಲಾಗಿರಲಿಲ್ಲ, ಬದಲಾಗಿದ್ದು ನಮಗೆ ಗೊತ್ತಿದ್ದದ್ದು ಮಾತ್ರ.

ಚುಕ್ಕೆ ಅಲ್ಲ, ಗೆರೆ

ಕೆಲವೇ ದಿನ ನೋಡಿದ ಕಲ್ಲಿನ ಕಕ್ಷೆ ನಿಖರವಾಗಿ ಗೊತ್ತಿರುವುದಿಲ್ಲ. ನೋಡಿದ್ದಕ್ಕೆಲ್ಲ ಹೊಂದುವ ಕಕ್ಷೆ ಒಂದಲ್ಲ, ಸಾವಿರಾರು. ಅವನ್ನೆಲ್ಲ ಕಂಪ್ಯೂಟರಿನಲ್ಲಿ 2032ರವರೆಗೆ ಓಡಿಸಿದರೆ ಸಾವಿರಾರು ಚುಕ್ಕೆ ಸಿಗುತ್ತವೆ, ಒಂದೊಂದೂ ಆ ದಿನ ಕಲ್ಲು ಇರಬಹುದಾದ ಒಂದು ಜಾಗ.

ಈ ಚುಕ್ಕೆಗಳು ಉಂಡೆಯಾಗಿ ಇರುವುದಿಲ್ಲ, ಉದ್ದಕ್ಕೆ ಗೆರೆಯಾಗಿ ಹರಡಿಕೊಳ್ಳುತ್ತವೆ. ಕಾರಣ ಸರಳ. ಒಂದು ಸುತ್ತಿಗೆ ಬೇಕಾಗುವ ಸಮಯದಲ್ಲಿ (ಇದಕ್ಕೆ ಸುಮಾರು 4 ವರ್ಷ) ಸ್ವಲ್ಪವೇ ತಪ್ಪಿದ್ದರೂ ಅದು ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುತ್ತದೆ, ಆದರೆ ಪಕ್ಕಕ್ಕೆ ಇರುವ ತಪ್ಪು ಹಾಗೆ ಬೆಳೆಯುವುದಿಲ್ಲ. ಹಾಗಾಗಿ ಯಾವ ದಾರಿಯಲ್ಲಿ ಬರುತ್ತದೆ ಎನ್ನುವುದು ಸುಮಾರಾಗಿ ಗೊತ್ತು, ಯಾವಾಗ ಬರುತ್ತದೆ ಎನ್ನುವುದು ಗೊತ್ತಿಲ್ಲ. ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಭೂಮಿ ಕೂತಿದೆ.

ಇಲ್ಲೇ ತಲೆ ಕೆಡುವುದು

ಇದನ್ನು ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದೊಂದರ ಮೇಲೆ ನಿಂತಿದೆ.

ಗೆರೆಯನ್ನು 100 ಚೌಕ ಮಾಡಿ. ಒಂದು ಚೌಕ ಭೂಮಿಯ ಅಗಲದಷ್ಟು, 12,742 ಕಿ.ಮೀ. ಕಲ್ಲು ಯಾವ ಚೌಕದಲ್ಲಾದರೂ ಇರಬಹುದು ಅಂದುಕೊಳ್ಳಿ. ಭೂಮಿ ಒಂದೇ ಚೌಕದಲ್ಲಿದೆ. ಬಡಿಯುವ ಸಾಧ್ಯತೆ 1/100, ಅಂದರೆ ಶೇ 1.

ಇನ್ನಷ್ಟು ರಾತ್ರಿ ನೋಡಿದರು. ಈ 50 ಚೌಕಗಳಲ್ಲಿ ಕಲ್ಲು ಇರಲು ಸಾಧ್ಯವಿಲ್ಲ ಎಂದು ಗೊತ್ತಾಯಿತು. ಭೂಮಿಯ ಚೌಕ ಉಳಿದ 50ರಲ್ಲೇ ಇದೆ. ಈಗ 1/50, ಶೇ 2. ಇನ್ನೂ 17 ಚೌಕ ಹೋದವು, ಭೂಮಿ ಇನ್ನೂ ಒಳಗೇ ಇದೆ. 1/33, ಶೇ 3. ಗಮನಿಸಿ, ಇಷ್ಟು ಹೊತ್ತು ಭೂಮಿಯ ಬಗ್ಗೆ ಹೊಸದೇನೂ ಗೊತ್ತಾಗಿಲ್ಲ. ಭಿನ್ನರಾಶಿಯಲ್ಲಿ ಮೇಲಿನ 1 ಹಾಗೇ ಇದೆ, ಕೆಳಗಿನ ಸಂಖ್ಯೆ ಕುಗ್ಗಿತು, ಅಷ್ಟೇ. ಮುಂದಿನ ಸಲ ಕಳೆದುಹೋದ ಚೌಕಗಳಲ್ಲಿ ಭೂಮಿಯದ್ದೂ ಇದ್ದರೆ? 0/20. ಸೊನ್ನೆ.

ಹಾಗಾದರೆ ಇನ್ನೊಂದು ಅನುಮಾನ ಏಳುತ್ತದೆ: ಲೆಕ್ಕ ಸುಧಾರಿಸಿದಂತೆಲ್ಲ ಸಾಧ್ಯತೆ ಏರುವುದೇ ನಿಯಮವಾದರೆ ಮೊದಲೇ ಜಾಸ್ತಿ ಹೇಳಬಹುದಿತ್ತಲ್ವಾ? ಇಲ್ಲ. ಇದಕ್ಕೆ ಒಂದೇ ಕಲ್ಲನ್ನು ನೋಡಬಾರದು, ತಲಾ ಶೇ 1 ಇರುವ 100 ಕಲ್ಲುಗಳನ್ನು ನೋಡಬೇಕು. ಗೆರೆ ಅರ್ಧವಾದಾಗ ಸುಮಾರು 50 ಕಲ್ಲುಗಳಿಗೆ ಭೂಮಿ ಹೊರಗೆ ಬೀಳುತ್ತದೆ, ಅವು ಸೊನ್ನೆ. ಉಳಿದ 50ಕ್ಕೆ ಶೇ 2. 100 ಕಲ್ಲುಗಳ ಸರಾಸರಿ ತೆಗೆದರೆ ಮತ್ತೆ ಶೇ 1! ಮುಂದಿನ ಹಂತದಲ್ಲಿ ಸುಮಾರು 33 ಉಳಿಯುತ್ತವೆ, ತಲಾ ಶೇ 3. ಆಗಲೂ ಸರಾಸರಿ ಶೇ 1. ಎಲ್ಲ ಮುಗಿದ ಮೇಲೆ ನಿಜವಾಗಿ ಬಡಿಯುವುದು ಒಂದು.

ಸದ್ದಿಲ್ಲದೆ ಸೊನ್ನೆಯಾದ ಆ 50 ಕಲ್ಲುಗಳ ಬಗ್ಗೆ ಯಾರೂ ಶೀರ್ಷಿಕೆ ಬರೆಯುವುದಿಲ್ಲ. ಏರುತ್ತಾ ಇರುವುದೇ ಸುದ್ದಿ. ಹಾಗಾಗಿ ನಮಗೆ ಕಾಣುವುದೆಲ್ಲ ಏರುವ ಸಂಖ್ಯೆಗಳೇ. ಒಂದರಿಂದ ಮೂರಾಯಿತು, ಇನ್ನು ಹತ್ತಾಗುತ್ತದೆ ಎಂದು ಊಹಿಸಿಬಿಡುವವರು ಮರೆಯುವುದು ಇದನ್ನೇ. ಶೇ 3 ಅಂದರೆ ಶೇ 3 ಅಷ್ಟೇ, ಅದು ಎಲ್ಲಿಂದ ಬಂತು ಎನ್ನುವುದಕ್ಕೆ ಬೆಲೆ ಇಲ್ಲ. ಈ ಹಂತ ಅರ್ಥವಾಗದಿದ್ದರೆ ಸುಮ್ನೆ ಒಂದು ಹಾಳೆಯಲ್ಲಿ ಚೌಕ ಬರೆದು ಅಳಿಸುತ್ತಾ ಹೋಗಿ, ಓದುವುದಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಮತ್ತೆ 3.1 ನೇರ ಸೊನ್ನೆಯಾಗದೆ ನಡುವೆ 1.5 ಯಾಕೆ ಬಂತು? ನಿಜವಾದ ಗೆರೆಯಲ್ಲಿ ಎಲ್ಲ ಚೌಕಕ್ಕೂ ಒಂದೇ ತೂಕ ಇಲ್ಲ. ನಡು ದಟ್ಟ, ತುದಿ ತೆಳು. ಗೆರೆ ಕುಗ್ಗಿದಾಗ ಭೂಮಿ ನಡುವಿನಿಂದ ತುದಿಯ ಕಡೆಗೆ ಸರಿದಂತೆ ಆಗುತ್ತದೆ, ಸಂಖ್ಯೆ ಬೇಗ ಇಳಿಯುತ್ತದೆ, ಆದರೆ ಒಮ್ಮೆಗೇ ಅಲ್ಲ.

ಟೊರಿನೊ ಮಾಪಕ

ಕ್ಷುದ್ರಗ್ರಹ ಭೂಮಿಗೆ ಬಡಿಯುವ ಅಪಾಯ ಎಷ್ಟು ಎಂದು ಹೇಳುವ ಮಾಪಕ ಇದು, 0ಯಿಂದ 10ರವರೆಗೆ. ವೈಆರ್4 ಇದರಲ್ಲಿ 3 ಮುಟ್ಟಿತ್ತು. ಇದು ಬರೀ ಸಾಧ್ಯತೆಯ ಅಳತೆ ಅಲ್ಲ, ಬಡಿದರೆ ಎಷ್ಟು ಶಕ್ತಿ ಎನ್ನುವುದೂ ಸೇರಿದೆ. ಅಪೋಫಿಸ್ ಎನ್ನುವ ಇನ್ನೊಂದು ಕ್ಷುದ್ರಗ್ರಹದ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಅದು 2029ರಲ್ಲಿ ಬಡಿಯುವ ಸಾಧ್ಯತೆ 2004ರ ಡಿಸೆಂಬರಿನಲ್ಲಿ ಶೇ 2.7ರವರೆಗೆ ಹೋಗಿತ್ತು, ವೈಆರ್4ಗಿಂತ ಕಡಿಮೆ. ಆದರೂ ಮಾಪಕದಲ್ಲಿ 4, ಯಾಕೆಂದರೆ ಅದು ನೂರಾರು ಮೀಟರಿನ ಕಲ್ಲು, ಇದು ಸುಮಾರು 60 ಮೀಟರ್. ಅಪೋಫಿಸ್ ವಿಷಯದಲ್ಲೂ ಹಳೆಯ ಚಿತ್ರಗಳಲ್ಲಿ ಅದು ಸಿಕ್ಕಿ ಗೆರೆ ಕುಗ್ಗಿದ ತಕ್ಷಣ 2029ರ ಭಯ ಹೋಯಿತು. 2029ರ ಏಪ್ರಿಲ್ 13ಕ್ಕೆ ಅದು ಭೂಮಿಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದು ಹೋಗಲಿದೆ.

60 ಮೀಟರ್ ಅಂದರೆ ಚಿಕ್ಕದು ಅನ್ನಬೇಡಿ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದದ್ದು ಸುಮಾರು 20 ಮೀಟರಿನದು, ಅದರಿಂದಲೇ ಸಾವಿರಕ್ಕೂ ಜಾಸ್ತಿ ಜನರಿಗೆ ಗಾಯವಾಯಿತು, ಹೆಚ್ಚಿನವು ಕಿಟಕಿ ಗಾಜು ಒಡೆದು.

ಉಲ್ಟಾ ಲೆಕ್ಕ

ನನಗೆ ಬಹಳ ಇಷ್ಟವಾದ ಅಡ್ಡದಾರಿ ಇದು. ಸಾಧ್ಯತೆ ಕೊಟ್ಟಿದ್ದರೆ ಗೆರೆಯ ಉದ್ದ ತೆಗೆಯಬಹುದು: ಅಗಲವನ್ನು ಸಾಧ್ಯತೆಯಿಂದ ಭಾಗಿಸಿ. ಭೂಮಿಗೆ ಶೇ 3.1 ಇದ್ದ ದಿನ 12,742 ÷ 0.031, ಸುಮಾರು 4.1 ಲಕ್ಷ ಕಿ.ಮೀ. ಭೂಮಿಯಿಂದ ಚಂದ್ರನಿಗೆ ಇರುವ ದೂರಕ್ಕಿಂತ ಸ್ವಲ್ಪ ಜಾಸ್ತಿ! ನಡು ದಟ್ಟ, ತುದಿ ತೆಳು ಅಂದೆನಲ್ಲ, ಅದರಿಂದ ಇದು ಅಂದಾಜು ಮಾತ್ರ.

ಭೂಮಿ ಹೊರಗೆ ಬಿದ್ದ ಮೇಲೂ ಚಂದ್ರ ಗೆರೆಯ ಒಳಗೇ ಇತ್ತು. ಅದಕ್ಕೆ ಬಡಿಯುವ ಸಾಧ್ಯತೆ ಶೇ 1.7 ಇದ್ದದ್ದು 3.8 ಆಯಿತು, 2025ರ ಜೂನ್ ಹೊತ್ತಿಗೆ 4.3. ಅದೇ ಆಟ, ಕೆಳಗಿನ ಸಂಖ್ಯೆ ಕುಗ್ಗುತ್ತಾ ಬಂದದ್ದು. ಚಂದ್ರನ ಅಗಲ 3,474 ಕಿ.ಮೀ. ಅದನ್ನು 0.043ರಿಂದ ಭಾಗಿಸಿದರೆ ಸುಮಾರು 81,000 ಕಿ.ಮೀ. ಫೆಬ್ರುವರಿಯ ಗೆರೆಯ ಐದನೇ ಒಂದು ಭಾಗ.