ಸ್ಟೇರಿಂಗ್ ನಡುಗುವ ಹಳೇ ಜಿಪ್ಸಿ: ರೋಗ ಇರುವುದು ಬಾಲ್ ಒಳಗೆ

ಹಳೇ ಮಾರುತಿ ಜಿಪ್ಸಿ ಇಟ್ಟುಕೊಂಡವರ ದೂರು ಹೆಚ್ಚುಕಡಿಮೆ ಒಂದೇ. ಐವತ್ತು ಅರವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದರೆ ಸಾಕು, ಸ್ಟೇರಿಂಗ್ ಗಡಗಡ ನಡುಗಲು ಶುರುವಾಗುತ್ತದೆ. ವೇಗ ಪೂರ್ತಿ ಇಳಿಸುವ ತನಕ ನಿಲ್ಲುವುದಿಲ್ಲ. ಮೊದಲು ವೀಲ್ ಬ್ಯಾಲೆನ್ಸ್ ಮಾಡಿಸುತ್ತಾರೆ, ಆಮೇಲೆ ಟೈರ್ ಬದಲಿಸುತ್ತಾರೆ, ಕೊನೆಗೆ ನಡುಕ ಹೀರುವ ಸ್ಟೇರಿಂಗ್ ಡ್ಯಾಂಪರ್ ಹೊಸದು ಹಾಕಿಸುತ್ತಾರೆ. ಡ್ಯಾಂಪರ್ ಹಾಕಿದ ಮೇಲೆ ಎರಡು ತಿಂಗಳು ಸುಮ್ಮನಿದ್ದು ಮತ್ತೆ ಅದೇ ಕಥೆ. ಡ್ಯಾಂಪರ್ ರೋಗವನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ. ಮಂಡ್ಯ ಸೀಮೆಯಲ್ಲಿ ಗದ್ದೆ ಬದುವಿನ ಮೇಲೆ, ನಾಲೆ ಏರಿಯ ಮೇಲೆ ಓಡಾಡುವ ಗಾಡಿಯಾದರೆ ಮೊದಲು ನೋಡಬೇಕಾದ್ದು ಮುಂದಿನ ಚಕ್ರದ ಹಿಂದಿರುವ ಬಾಲ್.

1985ರಲ್ಲಿ 970 ಸಿಸಿ ಎಂಜಿನ್‌ನೊಂದಿಗೆ ಬಂದ ಜಿಪ್ಸಿಗೆ ಮುಂದೆ 1298 ಸಿಸಿ ಎಂಜಿನ್ ಬಂತು, ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು, ಚಕ್ರಗಳ ನಡುವಿನ ಅಗಲವೂ ಹೆಚ್ಚಿತು. ಆದರೆ ಕೆಳಗಿನ ಮೂಳೆ ಬದಲಾಗಲಿಲ್ಲ. ಹಿಂದೆಯೂ ಮುಂದೆಯೂ ಗಟ್ಟಿ ಆಕ್ಸಲ್ ಹೌಸಿಂಗ್ (ಆಕ್ಸಲನ್ನು ಹೊತ್ತ ಉಕ್ಕಿನ ಕೊಳವೆ), ನಾಲ್ಕೂ ಕಡೆ ಪಟ್ಟಾ, ಅಂದರೆ ಲೀಫ್ ಸ್ಪ್ರಿಂಗ್. ಮುಂದಿನ ಹೌಸಿಂಗ್‌ನ ಎರಡು ತುದಿಯಲ್ಲೂ ತೆಂಗಿನಕಾಯಿ ಗಾತ್ರದ ಉಕ್ಕಿನ ಗುಂಡು, ಅದೇ ಬಾಲ್. ಬಾಲನ್ನು ಅಪ್ಪಿಕೊಂಡಿರುವುದು ಚಕ್ರ ಹೊತ್ತ ನಕ್ಕಲ್. ಮೇಲೊಂದು ಕೆಳಗೊಂದು ಇರುವ ಗೂಟ, ಅಂದರೆ ಕಿಂಗ್ ಪಿನ್, ಅದರ ಬೇರಿಂಗ್‌ಗಳ ಮೇಲೆ ನಕ್ಕಲ್ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಬಾಲ್ ಒಳಗೆ, ಚಕ್ರವನ್ನು ಸುತ್ತಿಸುವ ಡ್ರೈವ್ ಶಾಫ್ಟಿನ ಜಾಯಿಂಟ್ ಗ್ರೀಸಿನಲ್ಲಿ ಮುಳುಗಿ ಕೂತಿರುತ್ತದೆ. ಬಾಲಿಗೂ ನಕ್ಕಲಿಗೂ ನಡುವಿನ ಸಂದನ್ನು ಒಂದು ರಬ್ಬರ್ ಸೀಲು, ಕಂಬಳಿಯಂಥ ಒಂದು ಫೆಲ್ಟ್ ಪಟ್ಟಿ ಕಾಯುತ್ತವೆ. ಹೊರಗಿನ ಕೆಸರಿಗೂ ಒಳಗಿನ ಬೇರಿಂಗಿಗೂ ನಡುವೆ ಇರುವ ಗೋಡೆ ಇಷ್ಟೇ.

ಕೆಮ್ಮಣ್ಣಿನ ಧೂಳು ಈ ಫೆಲ್ಟಿಗೆ ದೊಡ್ಡ ಶತ್ರುವಲ್ಲ. ನಾಟಿಗೆಂದು ಹದ ಮಾಡಿದ ಗದ್ದೆಯ ಕೆಸರು ಬೇರೆ. ಅದು ನುಣ್ಣಗಿನ ಜೇಡಿ, ಫೆಲ್ಟಿನ ಎಳೆ ಎಳೆಗೂ ಇಳಿದು ಒಣಗಿ ಸಾಣೆಕಲ್ಲಿನಂತಾಗುತ್ತದೆ. ಆಮೇಲೆ ಸ್ಟೇರಿಂಗ್ ತಿರುಗಿಸಿದಷ್ಟು ಸಲವೂ ಬಾಲಿನ ನುಣುಪು ಮೈ ಸವೆಯುತ್ತದೆ. ಬಾಲ್ ಒಳಗೆ ನೀರು ಸೇರಲು ಇನ್ನೊಂದು ದಾರಿಯೂ ಇದೆ. ರಸ್ತೆಯಲ್ಲಿ ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ನಾಲೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗ್ ಮೇಲಿರುವ ಬ್ರೀದರ್, ಅಂದರೆ ಗಾಳಿಕಂಡಿ, ತೆರೆದಿದ್ದರೆ ಆ ದಾರಿಯಿಂದ ಗಾಳಿ ಬಂದು ಸರಿಹೋಗುತ್ತದೆ. ಬ್ರೀದರ್ ಮಣ್ಣು ಕಟ್ಟಿದ್ದರೆ ಅಥವಾ ಅದೇ ನೀರಿನೊಳಗಿದ್ದರೆ ಸೀಲುಗಳ ಸಂದಿನಿಂದ ನೀರನ್ನೇ ಹೀರಿಕೊಳ್ಳುತ್ತದೆ. ವಾಟರ್ ಸರ್ವೀಸಿನಲ್ಲಿ ಗನ್ನನ್ನು ನೇರ ಫೆಲ್ಟಿಗೇ ಹಿಡಿಯುವ ಹುಡುಗರು ಮಾಡುವುದೂ ಇದನ್ನೇ. ಅಲ್ಲಿ ಮಾತ್ರ ಬಕೆಟ್ ನೀರು, ಬ್ರಷ್ ಸಾಕು ಎಂದು ಹೇಳಿ ನಿಂತು ತೊಳೆಸಿ.

ಬಿಚ್ಚುವ ಮೊದಲು ಬಾಲ್ ಮೇಲಿನ ಪಸೆಯನ್ನು ಬೆರಳಲ್ಲಿ ಒರೆಸಿ ನೋಡಿ. ತೆಳು ಪೊರೆಯಂತೆ ಗ್ರೀಸ್ ಅಂಟಿದರೆ ಆರೋಗ್ಯ. ಕಪ್ಪಗೆ ನೀರುನೀರಾಗಿ ಇಳಿದು ಟೈರಿನ ಒಳಮೈವರೆಗೂ ಸಿಡಿದಿದ್ದರೆ ಹೌಸಿಂಗ್ ಕೊಳವೆಯ ಒಳಗಿನ ಆಯಿಲ್ ಸೀಲ್ ಹೋಗಿದೆ. ಹೌಸಿಂಗ್ ನಡುವಿನ ಗೇರುಗಳ ಗುಂಡು, ಅಂದರೆ ಡಿಫರೆನ್ಷಿಯಲ್‌ನ ಆಯಿಲ್ ಬಾಲಿಗೆ ಬಂದು ಗ್ರೀಸನ್ನು ಕರಗಿಸುತ್ತಿದೆ. ಇದಕ್ಕೆ ಹೊರಗಿನ ಸೀಲ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಬೂದು ಅಥವಾ ಹಾಲುಬಣ್ಣ ಇದ್ದರೆ ನೀರು ಸೇರಿದೆ. ಪಸೆಯೇ ಇಲ್ಲದೆ ತುಕ್ಕು ಬಣ್ಣ ಕಂಡರೆ ಒಳಗೆ ಗ್ರೀಸ್ ಮುಗಿದು ಕಾಲವಾಗಿದೆ.

ಇನ್ನು ಪ್ಲೇ, ಅಂದರೆ ಸಡಿಲದ ಆಟದ ಪರೀಕ್ಷೆ. ಮುಂದಿನ ಚಕ್ರ ನೆಲ ಬಿಡುವಂತೆ ಜಾಕಿ ಕೊಟ್ಟು, ಟೈರನ್ನು ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಅಲುಗಿದರೆ ಮನೆಯವರೊಬ್ಬರನ್ನು ಕರೆದು ಬ್ರೇಕ್ ತುಳಿದು ಹಿಡಿಯಲು ಹೇಳಿ. ಬ್ರೇಕ್ ತುಳಿದಾಗ ಆಟ ನಿಂತರೆ ತಪ್ಪು ವೀಲ್ ಬೇರಿಂಗ್‌ನದು. ತುಳಿದ ಮೇಲೂ ಅಲುಗುತ್ತಿದ್ದರೆ, ನಕ್ಕಲ್ ಬಾಲ್ ಮೇಲೆ ಜರುಗುವುದು ಕಣ್ಣಿಗೇ ಕಾಣುತ್ತದೆ. ಅದು ಕಿಂಗ್ ಪಿನ್. ಎಡಬಲ ಹಿಡಿದು ಅಲುಗಾಡಿಸಿದಾಗ ಮಾತ್ರ ಆಟವಿದ್ದರೆ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎಂಡ್‌ಗಳನ್ನೂ ಸ್ಟೇರಿಂಗ್ ಬಾಕ್ಸನ್ನೂ ನೋಡಿ.

ಕಿಂಗ್ ಪಿನ್ ಎಂದು ಖಾತ್ರಿಯಾದರೆ ಸೀಲ್ ಕಿಟ್ ಎರಡು, ಕಿಂಗ್ ಪಿನ್ ಬೇರಿಂಗ್ ನಾಲ್ಕು, ಹೌಸಿಂಗ್ ಒಳಗಿನ ಆಯಿಲ್ ಸೀಲ್ ಎರಡು, ವೀಲ್ ಬೇರಿಂಗಿನ ಸೀಲ್ ಎರಡು, ಲಾಕ್ ವಾಷರ್ ಎರಡು ತಂದಿಡಿ. ಒಂದು ಬದಿ ಕೆಟ್ಟಿದೆ ಎಂದು ಒಂದೇ ಬದಿ ಬಿಚ್ಚುವುದು ದಂಡ. ಗ್ರೀಸ್ ಲಿಥಿಯಂ ಬೇಸಿನ, ಎರಡನೇ ನಂಬರಿನ, ಮಾಲಿಬ್ಡಿನಂ ಸೇರಿದ್ದು, ಒಂದು ಕೆ.ಜಿ. ಡಬ್ಬಿಯಲ್ಲಿ ಎರಡೂ ಬದಿ ಮುಗಿಯುತ್ತದೆ. ಎತ್ತಿನಗಾಡಿ ಅಚ್ಚಿಗೂ ಟ್ರೇಲರ್‌ಗೂ ಬಳಿಯುವ ಅಗ್ಗದ ಹಳದಿ ಗ್ರೀಸ್ ಇಲ್ಲಿಗೆ ಬೇಡ, ಬಿಸಿಗೆ ಇಳಿದುಹೋಗುತ್ತದೆ. ಬೇರಿಂಗ್ ಕೊಳ್ಳಲು ಮೈಸೂರಿಗೆ ಹೋಗುವಾಗ ಹಳೆಯದನ್ನೇ ಜೇಬಿಗೆ ಹಾಕಿಕೊಂಡು ಹೋಗಿ; ಅದರ ಅಂಚಿನಲ್ಲಿ ಕೊರೆದ ನಂಬರ್ ಓದಿ ತಾಳೆ ಹಾಕುವುದು ಗಾಡಿಯ ವರ್ಷ ಹೇಳಿ ಕೇಳುವುದಕ್ಕಿಂತ ಭದ್ರ.

ಗಾಡಿಯನ್ನು ಜಾಕಿಯ ಮೇಲೆ ಮಾತ್ರ ನಿಲ್ಲಿಸಿ ಕೆಳಗೆ ಕೈ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಹಲಗೆ ಕೊಟ್ಟು ದಪ್ಪ ಮರದ ದಿಮ್ಮಿ ಇಡಿ. ಹಾಲೋ ಬ್ಲಾಕ್ ಒಮ್ಮೆಲೇ ಪುಡಿಯಾಗುತ್ತದೆ, ಮುನ್ಸೂಚನೆ ಕೊಡುವುದಿಲ್ಲ.

ಚಕ್ರ ಬಿಚ್ಚಿ, ಬ್ರೇಕ್ ಕ್ಯಾಲಿಪರ್ ತೆಗೆದು ತಂತಿಯಲ್ಲಿ ಪಟ್ಟಾಕ್ಕೆ ಕಟ್ಟಿ; ಹೋಸ್ ಮೇಲೆ ಜೋತು ಬಿಡಬಾರದು. ಹಬ್ಬಿನ ಮುಖದ ಮುಚ್ಚಳ, ಆಕ್ಸಲ್ ತುದಿಯ ಸರ್ಕ್ಲಿಪ್, ಮಡಚಿದ ಲಾಕ್ ವಾಷರ್, ಎರಡು ನಟ್, ಹಬ್, ಹಬ್ ಕೂರುವ ಪೊಳ್ಳು ಅಚ್ಚಾದ ಸ್ಟಬ್ ಈ ಕ್ರಮದಲ್ಲಿ ಬಿಚ್ಚಿಕೊಳ್ಳುತ್ತವೆ. ಹಬ್ ನಟ್‌ಗೆ ಅದರದೇ ಬಾಕ್ಸ್ ಸ್ಪಾನರ್ ಬೇಕು. ಉಳಿ ಸುತ್ತಿಗೆಯಲ್ಲಿ ಹೊಡೆದು ಬಿಚ್ಚಿದ ನಟ್ಟಿನ ಮುರುಕು ಅಂಚು ಮುಂದೆ ಬೇರಿಂಗ್ ಒಳಗೆ ಹೋಗುತ್ತದೆ. ಡ್ರೈವ್ ಶಾಫ್ಟ್ ಎಳೆಯುವಾಗ ಅದರ ತೂಕವನ್ನು ಕೈಯಲ್ಲಿ ಎತ್ತಿ ಹಿಡಿದೇ ಎಳೆಯಬೇಕು. ತುದಿಯ ಹಲ್ಲುಗಳು ಉಜ್ಜಿಕೊಂಡು ಬಂದರೆ ಒಳಗಿನ ಆಯಿಲ್ ಸೀಲಿನ ತುಟಿ ಹರಿಯುತ್ತದೆ. ಹೊಸ ಸೀಲ್ ಹಾಕಿದ ವಾರಕ್ಕೇ ಸೋರುವ ಗಾಡಿಗಳಲ್ಲಿ ಬಹುಪಾಲು ಕೆಡುವುದು ಶಾಫ್ಟನ್ನು ವಾಪಸ್ ತೂರಿಸುವ ಈ ಒಂದು ಕ್ಷಣದಲ್ಲಿ.

ಆಮೇಲೆ ಟೈ ರಾಡ್ ಎಂಡ್ ಬಿಡಿಸಿ, ಬಾಲ್ ಹಿಂದಿನ ಸೀಲ್ ಪಟ್ಟಿಯ ಎಂಟು ಬೋಲ್ಟ್ ಬಿಚ್ಚಿ, ಕಿಂಗ್ ಪಿನ್ ತೆಗೆಯಿರಿ. ಪಿನ್ನಿನ ಕೆಳಗೆ ಕಾಗದದಷ್ಟು ತೆಳ್ಳನೆಯ ಲೋಹದ ಬಿಲ್ಲೆಗಳು, ಶಿಮ್‌ಗಳು, ಇರುತ್ತವೆ. ಮೇಲಿನದು, ಕೆಳಗಿನದು, ಎಡ, ಬಲ ಎಂದು ನಾಲ್ಕು ಟೀ ಲೋಟಗಳಲ್ಲಿ ಬೇರೆ ಬೇರೆ ಹಾಕಿಡಿ. ಫೆಲ್ಟ್ ಯಾವ ಕಡೆ, ರಬ್ಬರ್ ಯಾವ ಕಡೆ ಇತ್ತೆಂದು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಸಂಜೆ ಜೋಡಿಸುವಾಗ ಜಗಳವಿರುವುದಿಲ್ಲ.

ಈಗ ಬಾಲ್ ಒಳಗಿನ ಬೇರಿಂಗ್ ಕಪ್ಪನ್ನು, ಅಂದರೆ ರೋಲರ್‌ಗಳು ಕೂರುವ ಹೊರಬಳೆಯನ್ನು, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಬಟ್ಟೆಯಿಂದ ಒರೆಸಿ, ಒಳಮೈ ಮೇಲೆ ಉಗುರು ಆಡಿಸಿ. ಕಣ್ಣಿಗೆ ಹೊಳೆಯುತ್ತಲೇ ಇರುತ್ತದೆ, ಆದರೆ ಉಗುರಿಗೆ ಸಾಲಾಗಿ ಸಣ್ಣ ಸಣ್ಣ ತಗ್ಗು ಸಿಗುತ್ತವೆ, ರೋಲರ್ ರೋಲರಿಗೂ ಒಂದೊಂದು. ಕಾರಣ ಸರಳ. ವೀಲ್ ಬೇರಿಂಗ್ ಸುತ್ತುತ್ತಲೇ ಇರುತ್ತದೆ. ಕಿಂಗ್ ಪಿನ್ ಬೇರಿಂಗ್ ಸುತ್ತುವುದಿಲ್ಲ, ನೇರ ರಸ್ತೆಯಲ್ಲಿ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಂತು ಪ್ರತಿ ಗುಂಡಿಯ ಹೊಡೆತವನ್ನೂ ಅಲ್ಲೇ ತಿನ್ನುತ್ತದೆ. ಗ್ರೀಸ್ ಇಲ್ಲದಾಗ, ನೀರು ಸೇರಿದಾಗ ಆ ಜಾಗವೇ ತಗ್ಗಾಗುತ್ತದೆ. ಸ್ಟೇರಿಂಗ್ ನೇರ ಇರುವಾಗ ಎಲ್ಲೋ ಸಿಕ್ಕಿಕೊಂಡಂತೆ, ಸ್ವಲ್ಪ ತಿರುಗಿಸಿದರೆ ಜಾರಿದಂತೆ ಅನ್ನಿಸುವುದು ಇದರಿಂದಲೇ. ತಗ್ಗು ಸಿಕ್ಕಿದ ಕಪ್ಪಿಗೆ ಹೊಸ ಕೋನ್ (ರೋಲರ್ ಇರುವ ಒಳಭಾಗ) ಮಾತ್ರ ಹಾಕಿ ಉಳಿತಾಯ ಮಾಡುವವರಿದ್ದಾರೆ. ಅದು ಉಳಿತಾಯವಲ್ಲ. ಕಪ್ಪನ್ನೂ ಹೊಡೆದು ತೆಗೆದು ಹೊಸದನ್ನು ಹಿತ್ತಾಳೆ ಕಡ್ಡಿಯಿಂದ ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ. ತಳ ಮುಟ್ಟಿದಾಗ ತಟ್ಟುವ ಸದ್ದೇ ಬದಲಾಗುತ್ತದೆ. ಬಾಲಿನ ಹೊರಮೈಯಲ್ಲಿ ತುಕ್ಕಿನ ಚುಕ್ಕಿಗಳಿದ್ದರೆ ನುಣುಪು ಎಮೆರಿ ಕಾಗದಕ್ಕೆ ಎಣ್ಣೆ ಹಚ್ಚಿ ಉಜ್ಜಿ. ಆಳದ ಕುಳಿಯಾಗಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ.

ಬಿಗಿಯ ಅಳತೆಯನ್ನು ಅಂದಾಜಿಗೆ ಬಿಡುವ ಮೆಕ್ಯಾನಿಕ್‌ಗಳೇ ಹೆಚ್ಚು. ಗುಜರಿಯವರು ಪೇಪರ್ ತೂಗುವ ಕೊಕ್ಕೆ ತಕ್ಕಡಿ ಇದ್ದರೆ ಈ ಕೆಲಸ ಮನೆಯಲ್ಲೇ ಆಗುತ್ತದೆ. ಶಾಫ್ಟೂ ಬಾಲ್ ಸೀಲೂ ಹಾಕದೆ ನಕ್ಕಲನ್ನು ಪಿನ್ ಸಮೇತ ಕೂರಿಸಿ, ಟೈ ರಾಡ್ ಎಂಡ್ ಕೂರುವ ತೂತಿಗೆ ಕೊಕ್ಕೆ ಸಿಕ್ಕಿಸಿ, ಅಡ್ಡಕ್ಕೆ ನಿಧಾನ ಎಳೆಯಿರಿ. ನಕ್ಕಲ್ ಅಲುಗಲು ಶುರುವಾಗುವ ಹೊತ್ತಿಗೆ ಮುಳ್ಳು 1ರಿಂದ 1.8 ಕೆ.ಜಿ. ನಡುವೆ ಇರಬೇಕು. ಅದಕ್ಕಿಂತ ಸಡಿಲವಾದರೆ ಒಂದು ಶಿಮ್ ತೆಗೆಯಿರಿ, ಬಿಗಿಯಾದರೆ ಸೇರಿಸಿ. ಶಿಮ್ ಕಡಿಮೆಯಾದಷ್ಟೂ ಪಿನ್ ಒಳಗಿಳಿದು ಬಿಗಿ ಹೆಚ್ಚುತ್ತದೆ. ನಡುಗುವ ಗಾಡಿ ಎಂದು ಸಿಟ್ಟಿನಲ್ಲಿ ಎಲ್ಲ ಶಿಮ್ ಕಿತ್ತು ಬಿಗಿಸಿದರೆ ನಡುಕ ನಿಲ್ಲುತ್ತದೆ, ನಿಜ. ಆದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಹೊಸ ಬೇರಿಂಗ್ ಬೇಗ ತಗ್ಗು ಬೀಳುತ್ತದೆ.

ಹೊಸ ಫೆಲ್ಟನ್ನು ಅರ್ಧ ಗಂಟೆ ಎಂಜಿನ್ ಆಯಿಲ್‌ನಲ್ಲಿ ನೆನೆಹಾಕಿ ಹಾಕಿ. ಒಣ ಫೆಲ್ಟ್ ಮೊದಲ ಮಳೆಗೇ ನೀರು ಕುಡಿಯುತ್ತದೆ. ನಕ್ಕಲ್ ಬಿಚ್ಚುವ ಕಷ್ಟ ತಪ್ಪಿಸಲು ರಬ್ಬರ್ ಸೀಲನ್ನು ಕೊಯ್ದು ತೂರಿಸುವ ಅಡ್ಡದಾರಿ ತುರ್ತಿಗೆ ಮಾತ್ರ, ಅದೂ ಕೊಯ್ದ ಬಾಯಿ ಮೇಲಕ್ಕಿರುವಂತೆ. ಜಾಯಿಂಟಿನ ಗುಂಡುಗಳ ನಡುವೆ ಗ್ರೀಸನ್ನು ಬೆರಳಿನಿಂದ ಒತ್ತಿ ತುಂಬಿ. ಬಾಲ್ ಪೂರ್ತಿ ಗಿಡಿಯಬೇಡಿ, ಮುಕ್ಕಾಲು ಸಾಕು. ಸ್ಟಬ್ ಒಳಗಿನ ಬುಷ್‌ಗೂ ಗ್ರೀಸ್ ಬಳಿಯಲು ಮರೆಯುವವರೇ ಹೆಚ್ಚು. ವೀಲ್ ಬೇರಿಂಗ್ ನಟ್ಟನ್ನು ಹಬ್ ಸುತ್ತಿಸುತ್ತಾ ಟಾರ್ಕ್ ಸ್ಪಾನರ್‌ನಲ್ಲಿ 8 ಕೆ.ಜಿ.-ಮೀಟರ್ ಬಿಗಿಸಿ, ಪೂರ್ತಿ ಸಡಿಲಿಸಿ, ಮತ್ತೆ 1ರಿಂದ 1.5 ಕೆ.ಜಿ.-ಮೀಟರ್‌ಗೆ ನಿಲ್ಲಿಸಿ. ಆಮೇಲೆ ಹೊಸ ಲಾಕ್ ವಾಷರ್, ಹೊರಗಿನ ನಟ್, ಮಡಿಕೆ. ಹಳೇ ವಾಷರ್ ಎರಡನೇ ಸಲ ಮಡಚಿದರೆ ಸೀಳುತ್ತದೆ.

ಇಷ್ಟೆಲ್ಲ ಮಾಡಿ ಹೌಸಿಂಗ್ ಆಯಿಲ್ ಹಳೆಯದನ್ನೇ ಬಿಟ್ಟರೆ ಅರ್ಧ ಕೆಲಸ. ರಾತ್ರಿಯೆಲ್ಲ ನಿಂತ ಗಾಡಿಯ ಡ್ರೈನ್ ಬೋಲ್ಟನ್ನು ಬೆಳಿಗ್ಗೆ ಅರ್ಧ ಸುತ್ತು ಸಡಿಲಿಸಿ. ನೀರಿದ್ದರೆ ಮೊದಲ ಹನಿಗಳಲ್ಲೇ ಬರುತ್ತದೆ, ಭಾರವಾದ್ದರಿಂದ ತಳದಲ್ಲಿರುತ್ತದೆ. ಆದರೆ ಡ್ರೈನ್‌ಗೆ ಕೈ ಹಾಕುವ ಮೊದಲು ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೇ ನೋಡಿ. ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಂಗಳದಲ್ಲೇ. ಮುಂದಿನ ಹೌಸಿಂಗ್‌ಗೆ ಸುಮಾರು 2 ಲೀಟರ್, ಹಿಂದಿನದಕ್ಕೆ ಸುಮಾರು 1.5 ಲೀಟರ್ ಜಿಎಲ್-5 ದರ್ಜೆಯ 90 ನಂಬರ್ ಆಯಿಲ್, ತುಂಬುವ ತೂತಿನ ಅಂಚು ಮುಟ್ಟುವ ತನಕ. ಇದೇ ಡಬ್ಬಿಯನ್ನು ಗೇರ್ ಬಾಕ್ಸಿಗೆ ಬಗ್ಗಿಸಬೇಡಿ, ಅಲ್ಲಿಗೆ ಜಿಎಲ್-4.

ಬ್ರೀದರ್ ಎರಡನ್ನೂ ಬಿಚ್ಚಿ ತೊಳೆಯಿರಿ. ಅದರ ಜಾಗಕ್ಕೆ ನಿಪ್ಪಲ್ ಹಾಕಿ, ಪೆಟ್ರೋಲ್ ಪೈಪಿನ ತುಂಡನ್ನು ಬಾನೆಟ್ ಒಳಗೆ ಎತ್ತರಕ್ಕೆ ಒಯ್ದು ಕಟ್ಟಿದರೆ ಇನ್ನೂ ಒಳ್ಳೆಯದು. ಸ್ಟೇರಿಂಗ್ ಪೂರ್ತಿ ತಿರುಗಿದಾಗ, ಪಟ್ಟಾ ಇಳಿದಾಗ ಪೈಪ್ ಎಳೆಯದಷ್ಟು ಸಡಿಲ ಬಿಡಬೇಕು. ಹಿಂದಿನ ಬ್ರೀದರ್ ಕಟ್ಟಿಕೊಂಡರೆ ಒತ್ತಡಕ್ಕೆ ಆಯಿಲ್ ಆಕ್ಸಲ್ ತುದಿಯ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ, ಲೈನರ್ ಹಾಳು.

ಇದನ್ನೆಲ್ಲ ಮಾಡಲು ಸರಿಯಾದ ಕಾಲ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವ ಮುಂಚೆ. ನಾಟಿ ಮುಗಿದ ಮೇಲೆ ಬಾಲ್ ಒರೆಸಿ ಪಸೆಯ ಬಣ್ಣ ನೋಡುವುದು, ಡ್ರೈನ್ ಬೋಲ್ಟಿನ ಮೊದಲ ಹನಿ ನೋಡುವುದು ಹತ್ತು ನಿಮಿಷದ ಕೆಲಸ. ಪಟ್ಟಾ ಬುಷ್ ಬದಲಿಸಿದ್ದರೆ ಪಟ್ಟಾದ ತುದಿ ಹಿಡಿಯುವ ಶಾಕಲ್‌ನ ನಟ್‌ಗಳ ಕೊನೆಯ ಬಿಗಿ ಗಾಡಿ ನೆಲದ ಮೇಲೆ ನಿಂತಾಗಲೇ ಕೊಡಿ. ಗಾಳಿಯಲ್ಲಿ ತೂಗುವಾಗ ಬಿಗಿಸಿದರೆ ರಬ್ಬರ್ ತಿರುಚಿಕೊಂಡು ತಿಂಗಳಲ್ಲಿ ಹರಿಯುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಪಟ್ಟಾವನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್, ಕಿಂಗ್ ಪಿನ್ ಬೋಲ್ಟ್, ಚಕ್ರದ ನಟ್ ಮತ್ತೊಮ್ಮೆ ಸ್ಪಾನರ್ ಕೊಟ್ಟು ನೋಡಿ. ಜೋಡಿಸಿದ ಹೊಸದರಲ್ಲಿ ಬಾಲ್ ಮೇಲೆ ಒಂದಿಷ್ಟು ಗ್ರೀಸ್ ಉಕ್ಕುವುದು ಸಹಜ, ಒರೆಸಿ. ಎರಡನೇ ವಾರವೂ ಕಪ್ಪಗೆ ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲಿನ ತುಟಿ ಶಾಫ್ಟ್ ತೂರಿಸುವಾಗಲೇ ಹರಿದಿದೆ ಎಂದು ತಿಳಿದು ಆ ಬದಿಯನ್ನು ಮತ್ತೆ ಬಿಚ್ಚಬೇಕು.