ಅದಿರಿನ ಧೂಳಿನಲ್ಲಿ ಎರಡು ಬಿಳಿ ಚುಕ್ಕೆ

ತೋರಣಗಲ್ಲಿನಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೂ ಎದುರಿನ ಗಾಡಿ ಕಾಣದ ಗಳಿಗೆಗಳಿವೆ. ಅದಿರು ತುಂಬಿದ ಟಿಪ್ಪರ್ ಒಂದು ಮುಂದೆ ಹೋದರೆ ಸಾಕು, ಅದರ ಹಿಂದೆ ಕೆಂಪು ಪರದೆಯೇ ಏಳುತ್ತದೆ. ನನ್ನ ಹಳೆಯ ಕಾರಿನ ಬಣ್ಣವೂ ಇಟ್ಟಿಗೆ ಕೆಂಪು. ಮಣ್ಣು, ಧೂಳು, ಕಾರು ಎಲ್ಲ ಒಂದೇ. ಕಳೆದ ಬೇಸಿಗೆಯಲ್ಲಿ ಎದುರಿನಿಂದ ಬಂದ ಬೈಕ್ ಹುಡುಗ ಕೊನೇ ಗಳಿಗೆಯಲ್ಲಿ ನನ್ನನ್ನು ನೋಡಿ ಪಕ್ಕಕ್ಕೆ ಸರಿದ. ಗಾಡಿ ನಿಲ್ಲಿಸಿ ಹತ್ತಿರ ಬಂದ. "ಅಣ್ಣಾ, ನಿಮ್ಮ ಗಾಡಿ ಕಾಣ್ಲೇ ಇಲ್ರಿ" ಎಂದ. ಅವನ ಕೈ ಇನ್ನೂ ನಡುಗುತ್ತಿತ್ತು.

ನನಗೆ ಅವನ ಬೈಕು ದೂರದಿಂದಲೇ ಕಂಡಿತ್ತು. ಅದರ ಹೆಡ್‌ಲೈಟ್ ಉರಿಯುತ್ತಿತ್ತು. 2017ರ ಏಪ್ರಿಲ್ 1ರಿಂದ ನಮ್ಮಲ್ಲಿ ಹೊಸ ದ್ವಿಚಕ್ರ ವಾಹನಗಳಿಗೆ ಇಂಜಿನ್ ಚಾಲೂ ಆದ ಕೂಡಲೇ ತಾನಾಗಿ ಹೊತ್ತುವ ಹೆಡ್‌ಲೈಟ್ ಕಡ್ಡಾಯವಾಗಿದೆ. ಆ ದೀಪ ಹಗಲಲ್ಲಿ ಸವಾರನಿಗೆ ದಾರಿ ತೋರಿಸುವುದಿಲ್ಲ, ಸವಾರನನ್ನೇ ಬೇರೆಯವರಿಗೆ ತೋರಿಸುತ್ತದೆ. ಈ ವಿಚಾರ ಮೊದಲು ಬಲವಾಗಿ ಹೊಳೆದದ್ದು ಚಳಿಗಾಲದಲ್ಲಿ ಸೂರ್ಯ ಸರಿಯಾಗಿ ಮೇಲೇಳದ ದೇಶಗಳಿಗೆ. ಫಿನ್‌ಲೆಂಡ್ 1972ರಲ್ಲಿ ಊರಾಚೆಯ ರಸ್ತೆಗಳಲ್ಲಿ ಚಳಿಗಾಲದ ಹಗಲಿಗೂ ದೀಪ ಕಡ್ಡಾಯ ಮಾಡಿತು. ಸ್ವೀಡನ್ 1977ರಲ್ಲಿ ಇಡೀ ವರ್ಷಕ್ಕೆ ಅದನ್ನು ತಂದಿತು. ಯುರೋಪ್ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಹಗಲಿನ ದೀಪ ಇರಲೇಬೇಕಾಯಿತು. ಅಲ್ಲಿ ಮಂಕು ಬೆಳಕು ಮಾಡುವ ಕೆಲಸವನ್ನು ಇಲ್ಲಿ ನಮ್ಮ ಧೂಳು ಮಾಡುತ್ತಿದೆ.

ಹೆಡ್‌ಲೈಟ್ ಹಾಕಿಕೊಂಡೇ ಓಡಿಸಬಹುದಲ್ವಾ? ಖಂಡಿತ ಓಡಿಸಬಹುದು. ಬೇರೇನೂ ಮಾಡಲು ಮನಸ್ಸಿಲ್ಲದವರು ಇವತ್ತೇ ಅಷ್ಟು ಮಾಡಲಿ. ಆದರೆ ಒಂದೊಂದು ಹ್ಯಾಲೊಜನ್ ಬಲ್ಬೂ 55 ವ್ಯಾಟ್ ತಿನ್ನುತ್ತದೆ. ಕಾಣಿಸಿಕೊಳ್ಳುವುದಕ್ಕೆ ಅಷ್ಟು ಬೇಕಿಲ್ಲ. ಮೂರು ವ್ಯಾಟಿನ ಎಲ್‌ಇಡಿ ಸಾಕು. ಮನೆಯಲ್ಲೇ ಮಾಡೋಣ ಎಂದು ಕೂತೆ.

ಮೊದಲ ಜೋಡಿ ಐದು ವಾರವೂ ಬಾಳಲಿಲ್ಲ. ಯಾಕೆ ಸತ್ತಿತು ಎನ್ನುವುದರಲ್ಲೇ ಎಲ್‌ಇಡಿಯ ಅರ್ಧ ವಿಜ್ಞಾನ ಇದೆ.

ಮಾಮೂಲಿ ಬಲ್ಬಿನಲ್ಲಿ ತಂತಿ ಕಾಯುತ್ತದೆ, ಕಾದು ಬೆಳಗುತ್ತದೆ. ಎಲ್‌ಇಡಿಯಲ್ಲಿ ಕಾಯುವ ತಂತಿ ಇಲ್ಲ. ಅದೊಂದು ಅರೆವಾಹಕದ ಚೂರು. ಅದರೊಳಗೆ ಎಲೆಕ್ಟ್ರಾನುಗಳು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಬೀಳುತ್ತವೆ. ಬಿದ್ದಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕು. ಮೆಟ್ಟಿಲು ಗಿಡ್ಡದಾದರೆ ಕೆಂಪು, ಎತ್ತರವಾದರೆ ನೀಲಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೆ ಹೊತ್ತುತ್ತದೆ, ನೀಲಿಗೆ 3 ವೋಲ್ಟ್ ದಾಟಬೇಕು. ಬರಿಗಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ಪ್ರಖರವಾದ ನೀಲಿಗೆ ಇನ್ನೂ ಮೂವತ್ತು ವರ್ಷ ಹಿಡಿಯಿತು. ಗ್ಯಾಲಿಯಂ ನೈಟ್ರೈಡ್ ಎಂಬ ಹಟಮಾರಿ ಹರಳನ್ನು ಪಳಗಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೋ, ಶೂಜಿ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ನೀಲಿ ಸಿಗದೆ ಬಿಳಿ ಇರಲಿಲ್ಲ. ಬಿಳಿ ಎಲ್‌ಇಡಿಯೊಳಗೆ ಕೂತಿರುವುದು ನೀಲಿ ಚೂರೇ. ಅದರ ಮೇಲೆ ಬಳಿದ ಹಳದಿ ಪುಡಿ ಒಂದಿಷ್ಟು ನೀಲಿಯನ್ನು ಹಳದಿಯಾಗಿ ಬದಲಿಸುತ್ತದೆ. ಎರಡೂ ಬೆರೆತು ಕಣ್ಣಿಗೆ ಬಿಳಿ ಎನಿಸುತ್ತದೆ. ಆರಿಸಿದ ಎಲ್‌ಇಡಿಯನ್ನು ಹತ್ತಿರದಿಂದ ನೋಡಿ, ಆ ಹಳದಿ ಚುಕ್ಕೆ ಕಾಣುತ್ತದೆ.

ಎಲ್‌ಇಡಿಗೂ ಬಲ್ಬಿಗೂ ಇರುವ ದೊಡ್ಡ ವ್ಯತ್ಯಾಸ ಕೆರೆಯ ಕೋಡಿ ಕಂಡವರಿಗೆ ಬೇಗ ತಿಳಿಯುತ್ತದೆ. ಕೆರೆ ತುಂಬುವವರೆಗೆ ಕೋಡಿಯಲ್ಲಿ ಹನಿ ನೀರಿಲ್ಲ. ನೀರು ಕೋಡಿಯ ಮಟ್ಟ ದಾಟಿ ಒಂದು ಗೇಣು ಏರಿತೋ, ಹಳ್ಳವೇ ಹರಿಯುತ್ತದೆ. ಎಲ್‌ಇಡಿಯೂ ಹಾಗೆ. 2.5 ವೋಲ್ಟಿಗೆ ಏನೂ ಇಲ್ಲ. 3.2ಕ್ಕೆ ಹಿತವಾದ ಕರೆಂಟು. ಅಲ್ಲಿಂದ ಸ್ವಲ್ಪ ಏರಿದರೂ ಕರೆಂಟು ನುಗ್ಗುತ್ತದೆ. ಹಾಗಾಗಿ ಅದರ ಜೊತೆ ಕರೆಂಟಿಗೆ ತಡೆ ಒಡ್ಡುವ ಒಂದು ರೆಸಿಸ್ಟರ್ ಬೇಕೇ ಬೇಕು.

ನಾನು ಮಾಡಿದ್ದು ಇಷ್ಟು. 5 ಮಿಲಿಮೀಟರಿನ ಮೂರು ಬಿಳಿ ಎಲ್‌ಇಡಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದೆ. ಮೂರಕ್ಕೆ 9.6 ವೋಲ್ಟ್. 12 ವೋಲ್ಟಿನ ಅಡಾಪ್ಟರಿಗೆ ಲೆಕ್ಕ ಹಾಕಿದೆ. ಉಳಿದದ್ದು 2.4 ವೋಲ್ಟ್, ಅದನ್ನು ರೆಸಿಸ್ಟರ್ ನುಂಗಬೇಕು. ಈ ಸಣ್ಣ ಎಲ್‌ಇಡಿಗೆ 20 ಮಿಲಿಆಂಪಿಯರ್ ಸಾಕು, 2.4ನ್ನು 0.02 ಆಂಪಿಯರಿನಿಂದ ಭಾಗಿಸಿದರೆ 120, ಅಂದರೆ 120 ಓಮ್ ರೆಸಿಸ್ಟರ್. ಇಂಥ ಆರು ಸಾಲು ಬೆಸುಗೆ ಹಾಕಿ ರಾತ್ರಿಯೆಲ್ಲ ಮೇಜಿನ ಮೇಲೆ ಉರಿಸಿದೆ. ಚೆನ್ನಾಗಿಯೇ ಉರಿಯಿತು. ಕಾರಿಗೆ ಕಟ್ಟಿದ ಮೇಲೆ ಒಂದೊಂದೇ ಸಾಲು ಮಂಕಾಗಿ, ನೀಲಿಗೆ ತಿರುಗಿ, ಆರಿಹೋಯಿತು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನಗೆ ಪರಿಚಯದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಸುಟ್ಟ ದೀಪ ತೋರಿಸಿದೆ. "ಭಾಯ್, ಲೆಕ್ಕ ಸರಿ ಇದೆ, ಆದ್ರೂ ಸುಟ್ಟಿದೆ" ಎಂದೆ. ಅವರು ಮೀಟರನ್ನು ಬ್ಯಾಟರಿಗೆ ಹಿಡಿದರು. 12.6. "ಈಗ ಸೆಲ್ಫ್ ಹೊಡೀರಿ ಸಾರ್" ಎಂದರು. ಇಂಜಿನ್ ಚಾಲೂ ಆಯಿತು. ಮೀಟರ್ 14.4ಕ್ಕೆ ಏರಿ ನಿಂತಿತು. "ಡೈನಮೋ ಚಾರ್ಜ್ ಮಾಡೋವಾಗ ಹಿಂಗೇ. ಹನ್ನೆರಡು ಅನ್ನೋದು ಬರೀ ಹೆಸರು ಸಾರ್."

ಆಗ ಹೊಸದಾಗಿ ಲೆಕ್ಕ ಹಾಕಿದೆ. 14.4ರಲ್ಲಿ 9.6 ಹೋದರೆ 4.8 ವೋಲ್ಟ್. ಅದನ್ನು 120ರಿಂದ ಭಾಗಿಸಿದರೆ 40 ಮಿಲಿಆಂಪಿಯರ್! ಎಲ್‌ಇಡಿಯ ವೋಲ್ಟೇಜೂ ಕೊಂಚ ಏರುವುದರಿಂದ ಅಷ್ಟಕ್ಕೆ ಸ್ವಲ್ಪ ಕಡಿಮೆ ಇರುತ್ತದೆ. ಆದರೂ ಹತ್ತಿರ ಹತ್ತಿರ ಎರಡರಷ್ಟು. ವೋಲ್ಟೇಜ್ ಏರಿದ್ದು ಐದನೇ ಒಂದು ಪಾಲು ಮಾತ್ರ, ಕರೆಂಟು ಇಮ್ಮಡಿ. 270 ಓಮ್ ಹಾಕಿದ್ದರೆ ಇಂಜಿನ್ ಓಡುವಾಗ ಸುಮಾರು 18, ನಿಂತಾಗ 11 ಮಿಲಿಆಂಪಿಯರ್ ಹರಿಯುತ್ತಿತ್ತು. ದೀಪ ವರ್ಷಗಟ್ಟಲೆ ಬಾಳುತ್ತಿತ್ತು. ಒಂದೇ ಸಾಲಿಗೆ ನಾಲ್ಕು ಎಲ್‌ಇಡಿ ಹಾಕುವವರೂ ಇದ್ದಾರೆ. ನಾಲ್ಕಕ್ಕೆ 12.8 ವೋಲ್ಟ್ ಬೇಕು, ಇಂಜಿನ್ ನಿಂತರೆ ಬ್ಯಾಟರಿಯಲ್ಲಿ ಅಷ್ಟಿರುವುದಿಲ್ಲ, ದೀಪ ಮಿಣಮಿಣ ಎನ್ನುತ್ತದೆ. ಕಾರಿಗೆ ಮೂರರ ಸಾಲೇ ಸರಿ.

ನನ್ನ ದೀಪ ಸಾಯಲು ಬಿಸಿಯೂ ಕಾರಣ. ಎಲ್‌ಇಡಿ ತಣ್ಣಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅದರ ಬೆಳಕಿನಲ್ಲಿ ಬಿಸಿ ಇಲ್ಲ ಎನ್ನುವುದು ನಿಜ. ಹ್ಯಾಲೊಜನ್ ಬಲ್ಬಿನ ಮುಂದೆ ಕೈ ಹಿಡಿದರೆ ಸುಡುತ್ತದೆ, ಏಕೆಂದರೆ ಅದು ತನ್ನ ಬಿಸಿಯ ಬಹುಪಾಲನ್ನು ಕಾಣದ ಅವಕೆಂಪು ಕಿರಣವಾಗಿ ಮುಂದಕ್ಕೆ ಎಸೆಯುತ್ತದೆ. ಎಲ್‌ಇಡಿಗೆ ಹಾಗೆ ಎಸೆಯಲು ಬರುವುದಿಲ್ಲ. ಅದರ ಬಿಸಿ ಹಿಂದಿನಿಂದಲೇ ಇಳಿದು ಹೋಗಬೇಕು. ದಾರಿ ಇಲ್ಲದಿದ್ದರೆ ಚೂರು ತನ್ನ ಬಿಸಿಯಲ್ಲೇ ಬೇಯುತ್ತದೆ. ಬಿಸಿಯಾದಂತೆ ಅದು ಇನ್ನೂ ಕಡಿಮೆ ವೋಲ್ಟಿಗೆ ಹೆಚ್ಚು ಕರೆಂಟು ಬಿಡುತ್ತದೆ. ಹೆಚ್ಚು ಕರೆಂಟು ಎಂದರೆ ಇನ್ನಷ್ಟು ಬಿಸಿ. ಬಳ್ಳಾರಿಯ ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ. ಬಂಪರಿನ ಹಿಂದೆ, ರೇಡಿಯೇಟರ್ ಪಕ್ಕದಲ್ಲಿ ಹೇಗಿರಬಹುದು, ನೀವೇ ಯೋಚಿಸಿ.

ಎರಡನೇ ಸಲ ಸಣ್ಣ ಎಲ್‌ಇಡಿಗಳನ್ನು ಬಿಟ್ಟೆ. ಒಂದೊಂದು ವ್ಯಾಟಿನ ಮೂರು ಎಲ್‌ಇಡಿ, ಒಂದು ಬದಿಗೆ. ಕಿಟಕಿ ಮಾಡುವ ಅಂಗಡಿಯಲ್ಲಿ ಉಳಿದ ಅಲ್ಯುಮಿನಿಯಂ ಸೆಕ್ಷನ್ ತುಂಡು ಸಿಕ್ಕಿತು. ಅದೇ ದೀಪದ ಮೈ, ಬಿಸಿ ಇಳಿಸುವ ಹೀಟ್ ಸಿಂಕೂ ಅದೇ. ಕರೆಂಟನ್ನು ಕಟ್ಟಿಹಾಕಲು ಎಲ್‌ಎಂ 317 ಎಂಬ ಹಳೆಯ, ಅಗ್ಗದ, ನಂಬಿಕಸ್ತ ಐಸಿ. ಅದು ತನ್ನ ಎರಡು ಕಾಲುಗಳ ನಡುವೆ ಯಾವಾಗಲೂ 1.25 ವೋಲ್ಟ್ ಇರುವಂತೆ ನೋಡಿಕೊಳ್ಳುತ್ತದೆ. ಅಲ್ಲಿ 3.6 ಓಮ್ ರೆಸಿಸ್ಟರ್ ಇಟ್ಟರೆ 1.25 ಭಾಗಿಸು 3.6, ಅಂದರೆ ಸುಮಾರು 350 ಮಿಲಿಆಂಪಿಯರ್. ಒಂದು ವ್ಯಾಟಿನ ಎಲ್‌ಇಡಿ ಕೇಳುವುದೂ ಅಷ್ಟೇ. ಡೈನಮೋ 13.5 ಕೊಡಲಿ, 14.4 ಕೊಡಲಿ, ಎಲ್‌ಇಡಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಹೆಚ್ಚಾದ ವೋಲ್ಟನ್ನು ಐಸಿ ಬಿಸಿಯಾಗಿ ನುಂಗುತ್ತದೆ, ಹಾಗಾಗಿ ಅದನ್ನೂ ಅಲ್ಯುಮಿನಿಯಂಗೆ ಬಿಗಿಯಬೇಕು. ನಡುವೆ ಅಭ್ರಕದ ಹಾಳೆ ಇಡುವುದನ್ನು ಮರೆಯಬೇಡಿ. ಅದರ ಬೆನ್ನಿನ ಲೋಹದಲ್ಲೂ ಕರೆಂಟು ಇರುತ್ತದೆ, ಕಾರಿನ ಮೈಗೆ ತಾಗಿದರೆ ಶಾರ್ಟ್.

ಈ ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿದ್ದು ಲೆನ್ಸಿನ ಬಗ್ಗೆ. ಇದರಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಎದುರಿನವರ ಕಣ್ಣಿಗೆ.

ಲ್ಯೂಮೆನ್ ಎಂದರೆ ದೀಪದಿಂದ ಹೊರಡುವ ಒಟ್ಟು ಬೆಳಕು. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಅದು ಎಷ್ಟು ಜೋರಾಗಿ ಹೋಗುತ್ತದೆ ಎನ್ನುವ ಅಳತೆ. ಒಂದು ಮೇಣದ ಬತ್ತಿ ಹೆಚ್ಚು ಕಡಿಮೆ ಒಂದು ಕ್ಯಾಂಡೆಲಾ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಅಷ್ಟೇ ಇದ್ದರೂ ದೂರಕ್ಕೆ ಚಿಮ್ಮುತ್ತದೆ. ಲೆನ್ಸ್ ಆ ಹೆಬ್ಬೆರಳು. ಬೆಳಕಿನ ಕೋನವನ್ನು 30 ಡಿಗ್ರಿಯಿಂದ 10 ಡಿಗ್ರಿಗೆ ಇಳಿಸಿದರೆ ಅದು ಬೀಳುವ ಜಾಗ ಒಂಬತ್ತನೇ ಒಂದು ಪಾಲಾಗುತ್ತದೆ. ಅಂದರೆ ಅದೇ ಎಲ್‌ಇಡಿ ನಟ್ಟನಡುವೆ ಒಂಬತ್ತು ಪಟ್ಟು ತೀಕ್ಷ್ಣ. ಹಗಲಿನ ದೀಪಕ್ಕೆ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 400ರಿಂದ 1200 ಕ್ಯಾಂಡೆಲಾ ಎಂಬ ಮಿತಿ ಇದೆ. ನನ್ನ ಲೆಕ್ಕದ ಪ್ರಕಾರ 30 ಡಿಗ್ರಿ ಲೆನ್ಸಿನಲ್ಲಿ ಮೂರು ಎಲ್‌ಇಡಿ ಸೇರಿ ಈ ಮಿತಿಯೊಳಗೇ ಇರುತ್ತವೆ. 10 ಡಿಗ್ರಿ ಲೆನ್ಸ್ ಹಾಕಿದ್ದರೆ ಒಂದೇ ಎಲ್‌ಇಡಿ ಮಿತಿ ಮೀರುತ್ತಿತ್ತು. ಅಂಗಡಿಯವರು ಮಾತ್ರ "ಇದು ದೂರ ಹೊಡೀತದೆ" ಎಂದು ಆ ಲೆನ್ಸನ್ನೇ ಮುಂದೆ ಇಡುತ್ತಿದ್ದರು.

ರಾತ್ರಿ ಕಣ್ಣಿನ ಪಾಪೆ ಅಗಲವಾಗಿರುತ್ತದೆ. ಆಗ ಇಷ್ಟು ಬೆಳಕೂ ಚುಚ್ಚುತ್ತದೆ. ಹಾಗಾಗಿ ಹೆಡ್‌ಲೈಟ್ ಹಾಕಿದ ಕೂಡಲೇ ಈ ದೀಪ ಆರಬೇಕು. ಐದು ಕಾಲಿನ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ಆಡುವ ಸ್ವಿಚ್, ಇದನ್ನು ತಾನೇ ಮಾಡುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರಿನವರ ಕಣ್ಣು ಕತ್ತಲೆಗಟ್ಟಿದ ಮೂರು ಸೆಕೆಂಡಿನಲ್ಲಿ 50 ಮೀಟರ್ ದಾಟಿರುತ್ತದೆ. ಆ ದೂರದಲ್ಲಿ ಹುಲ್ಲು ಹೇರಿಕೊಂಡ, ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಇದ್ದರೆ?

ಇದೇ ಕಾರಣಕ್ಕೆ ಹ್ಯಾಲೊಜನ್ ಬಲ್ಬು ಕಿತ್ತು ಅದೇ ಗೂಡಿಗೆ ಎಲ್‌ಇಡಿ ತುರುಕುವುದು ನನಗೆ ಒಪ್ಪಿಗೆಯಿಲ್ಲ. ಹೆಡ್‌ಲೈಟಿನ ಎಚ್4 ಮಾದರಿಯ ಬಲ್ಬಿನಲ್ಲಿ ಡಿಪ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಚಿಮ್ಮದಂತೆ ಅದು ತಡೆಯುತ್ತದೆ. ರಿಫ್ಲೆಕ್ಟರಿನ ಬಾಗು ಪೂರ್ತಿ ಆ ತಂತಿ ಇರುವ ಜಾಗಕ್ಕೆ ಅಳೆದು ಮಾಡಿದ್ದು. ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಸರಿದರೂ ಆ ಲೆಕ್ಕ ಕೆಡುತ್ತದೆ, ಬೆಳಕು ಎದುರಿನವರ ಮುಖಕ್ಕೆ ಏರುತ್ತದೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕತೊಡಗಿದಾಗ ನನಗೆ ಸಮಾಧಾನವೇ ಆಯಿತು. ಮುಂದೆ ಕೆಂಪು ದೀಪ ಇರಕೂಡದು, ಮಿಟುಕುವ ದೀಪವೂ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. ಕಟ್ಟುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿ.

ಧೂಳಿಗೆ ಹಳದಿ ದೀಪವೇ ಒಳ್ಳೆಯದು, ಅದು ಧೂಳನ್ನು ಸೀಳುತ್ತದೆ ಎಂದು ನಮ್ಮ ಲಾರಿ ಚಾಲಕರು ಹೇಳುತ್ತಾರೆ. ಆಕಾಶ ನೀಲಿಯಾಗಲು ಕಾರಣವಾದ ಚದುರುವಿಕೆ ನಡೆಯುವುದು ಗಾಳಿಯ ಅಣುಗಳಂಥ ಅತಿ ಸಣ್ಣ ಕಣಗಳಿಂದ. ರಸ್ತೆಯ ಧೂಳಿನ ಕಣ ಅದಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಅಂಥ ಕಣ ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ಥರ ಚದುರಿಸುತ್ತದೆ. ಹಳದಿ ಹಿತ ಎನಿಸುವುದು ಬೇರೆ ಕಾರಣಕ್ಕೆ. ಅದರಲ್ಲಿ ನೀಲಿ ಕಡಿಮೆ, ನೀಲಿಯೇ ಕಣ್ಣಿಗೆ ಜಾಸ್ತಿ ಕಿರಿಕಿರಿ ಮಾಡುವುದು. ಧೂಳಿನಲ್ಲಿ ದಾರಿ ನೋಡಲು ಬಣ್ಣಕ್ಕಿಂತ ದೀಪ ಎಷ್ಟು ಕೆಳಗಿದೆ ಎನ್ನುವುದು ಮುಖ್ಯ. ಕಣ್ಣಿನಿಂದ ದೀಪ ದೂರ ಇದ್ದಷ್ಟೂ ಧೂಳಿಗೆ ತಾಗಿ ನೇರ ನಮ್ಮತ್ತ ವಾಪಸ್ ಬರುವ ಬೆಳಕು ಕಡಿಮೆ.

ವೈರಿಂಗ್ ಬಗ್ಗೆ ಒಂದೇ ಮಾತು. ಫ್ಯೂಸ್ ಹಾಕಿ, ಬ್ಯಾಟರಿಯ ಹತ್ತಿರವೇ ಹಾಕಿ. ಎರಡು ದೀಪಕ್ಕೆ ಸೇರಿ ಒಂದು ಆಂಪಿಯರ್ ಕೂಡ ಬೇಡ, 2 ಆಂಪಿಯರ್ ಫ್ಯೂಸ್ ಸಾಕು. ತಗಡಿಗೆ ಉಜ್ಜಿ ವೈರಿನ ಮೈ ಹರಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು. ಆಗ ವೈರೇ ಕೆಂಡವಾಗುತ್ತದೆ.

ಹೊಸ ಜೋಡಿ ಕಟ್ಟಿದ ಮೇಲೆ ತಮ್ಮನ ಕೈಗೆ ಕೀಲಿ ಕೊಟ್ಟು ಸಂಡೂರಿನ ದಾರಿಯಲ್ಲಿ ಮರದ ಕೆಳಗೆ ನಿಂತೆ. ಟಿಪ್ಪರ್ ಹೋಯಿತು, ಧೂಳೆದ್ದಿತು. ಅದರೊಳಗಿಂದ ಮೊದಲು ಎರಡು ಬಿಳಿ ಚುಕ್ಕೆ ಬಂದವು. ಕಾರು ಆಮೇಲೆ ಬಂತು.

ಮೂರನೇ ವಾರ ಎಡದ ದೀಪ ಮಂಕಾಯಿತು, ಸ್ವಲ್ಪ ಹಳದಿಯೂ ಆಯಿತು. ಮತ್ತೆ ಸುಟ್ಟಿತು ಎಂದುಕೊಂಡು ಮೀಟರ್ ಹಿಡಿದೆ. 350 ಮಿಲಿಆಂಪಿಯರ್ ಸರಿಯಾಗೇ ಹರಿಯುತ್ತಿತ್ತು. ಲೆನ್ಸನ್ನು ಬೆರಳಿನಿಂದ ಒರೆಸಿದೆ, ಬೆರಳು ಕೆಂಪಾಯಿತು, ಬೆಳಕು ಬಿಳಿಯಾಯಿತು. ನಮ್ಮ ಅದಿರು ಹೆಮಟೈಟ್, ಕಬ್ಬಿಣದ ಆಕ್ಸೈಡ್. ಅದು ಕೆಂಪಗೆ ಕಾಣುವುದೇ ನೀಲಿಯನ್ನೂ ಹಸಿರನ್ನೂ ಹೀರಿಕೊಳ್ಳುವುದರಿಂದ. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ, ಲೆನ್ಸಿನ ಮೇಲೆ ಕೂತ ಧೂಳು ಮೊದಲು ತಿನ್ನುವುದೂ ಅದನ್ನೇ. ಈಗ ಬಾಗಿಲಿನ ಖಾನೆಯಲ್ಲಿ ಒಂದು ಒದ್ದೆ ಬಟ್ಟೆ ಇಟ್ಟಿದ್ದೇನೆ. ತೋರಣಗಲ್ಲು ದಾಟುವ ಮುಂಚೆ ಒಮ್ಮೆ ಇಳಿದು ಎರಡೂ ಲೆನ್ಸ್ ಒರೆಸುತ್ತೇನೆ.