ಹನ್ನೆರಡು ಎಲ್‌ಇಡಿಗಳಿಗೆ ಯಾವ ಚಿಪ್?

ಪ್ರಶ್ನೆ: ದೀಪಾವಳಿಯ ಗೂಡುದೀಪದಲ್ಲಿ ಹನ್ನೆರಡು ಕೆಂಪು ಎಲ್‌ಇಡಿಗಳು ಒಂದರ ಹಿಂದೊಂದರಂತೆ ಮಿನುಗಬೇಕು. ಎರಡು ಎಎ ಸೆಲ್‌ಗಳಲ್ಲೇ ಹಬ್ಬ ಕಳೆಯಬೇಕು. ಅತಿ ಕಡಿಮೆ ವಿದ್ಯುತ್ ಸಾಕಾಗುವ ಮೈಕ್ರೊಕಂಟ್ರೋಲರ್ (ಪ್ರೋಗ್ರಾಂ ತುಂಬಬಹುದಾದ ಪುಟ್ಟ ನಿಯಂತ್ರಕ ಚಿಪ್) ಯಾವುದು?

ಉತ್ತರ: ಎಂಟು ಪಿನ್‌ಗಳ ಎಟಿಟೈನಿ85 ಸಾಕು. ಆದರೆ ಸೆಲ್ ಬರಿದಾಗುವುದು ಚಿಪ್‌ನಿಂದಲ್ಲ, ಎಲ್‌ಇಡಿಗಳಿಂದ. 1 ಮೆಗಾಹರ್ಟ್ಸ್ ವೇಗದಲ್ಲಿ, 3 ವೋಲ್ಟ್‌ನಲ್ಲಿ ಓಡುವಾಗ ಈ ಚಿಪ್ ಒಂದು ಮಿಲಿಆಂಪಿಯರ್ ಕೂಡ ಎಳೆಯುವುದಿಲ್ಲ. ಹನ್ನೆರಡೂ ಎಲ್‌ಇಡಿಗಳನ್ನು ತಲಾ 5 ಮಿಲಿಆಂಪಿಯರ್ ಕೊಟ್ಟು ಒಟ್ಟಿಗೆ ಉರಿಸಿದರೆ ಮಾತ್ರ 60 ಮಿಲಿಆಂಪಿಯರ್ ಬೇಕು. 2000 ಮಿಲಿಆಂಪಿಯರ್-ಗಂಟೆಯ ಸೆಲ್‌ಗಳು ಒಂದೂವರೆ ದಿನವೂ ಬಾರವು. ನಿಮ್ಮಲ್ಲಿ ಒಮ್ಮೆಗೆ ಒಂದೇ ಉರಿಯುವುದರಿಂದ, ಲೆಕ್ಕದ ಪ್ರಕಾರ, 300 ಗಂಟೆ ದಾಟುತ್ತದೆ.

ಹನ್ನೆರಡಕ್ಕೆ ಹನ್ನೆರಡು ಪಿನ್ ಬೇಕಿಲ್ಲ. ಚಾರ್ಲಿಪ್ಲೆಕ್ಸಿಂಗ್ ಎಂಬ ಜೋಡಣೆಯಲ್ಲಿ ನಾಲ್ಕೇ ಸಾಕು. ಯಾವುದೇ ಎರಡು ಪಿನ್‌ಗಳ ನಡುವೆ ಎರಡು ಎಲ್‌ಇಡಿಗಳನ್ನು ಒಂದಕ್ಕೊಂದು ತಿರುಗುಮುರುಗಾಗಿ ಬೆಸೆಯಿರಿ. ಒಂದು ಪಿನ್ ಹೈ (3 ವೋಲ್ಟ್), ಇನ್ನೊಂದು ಲೋ (ಸೊನ್ನೆ ವೋಲ್ಟ್) ಆದಾಗ ಒಂದು ಹೊತ್ತುತ್ತದೆ; ಅದಲುಬದಲಾದರೆ ಮತ್ತೊಂದು. ಉಳಿದ ಎರಡು ಪಿನ್‌ಗಳನ್ನು ಇನ್‌ಪುಟ್ ಮಾಡಿಟ್ಟರೆ ಅವು ಸರ್ಕ್ಯೂಟ್‌ನಲ್ಲಿ ಇಲ್ಲದಂತೆಯೇ. ನಾಲ್ಕು ಪಿನ್‌ಗಳಿಗೆ ಆರು ಜೋಡಿ, ಹನ್ನೆರಡು ಎಲ್‌ಇಡಿ. ಪ್ರತಿ ಪಿನ್‌ಗೂ 100 ಓಮ್‌ನ ಒಂದು ರೆಸಿಸ್ಟರ್ ಇರಲಿ. ನನಗೆ ಬಹಳ ಇಷ್ಟವಾದ ಜೋಡಣೆ ಇದು.

ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರ ನೋಡಿ. ಎಟಿಟೈನಿ85ವಿ 1.8 ವೋಲ್ಟ್‌ಗೆ ಇಳಿಯುವವರೆಗೂ ಓಡುತ್ತದೆ. 'ವಿ' ಇಲ್ಲದ್ದಕ್ಕೆ ಕನಿಷ್ಠ 2.7 ಬೇಕು. ಸೆಲ್‌ಗಳು ಅರ್ಧ ಸವೆಯುವ ಮೊದಲೇ ಆ ಮಟ್ಟಕ್ಕೆ ಇಳಿದುಬಿಡುತ್ತವೆ. ಬಿಳಿ, ನೀಲಿ ಎಲ್‌ಇಡಿಗಳಿಗೆ 3 ವೋಲ್ಟ್ ಸಾಲದು. ಕೆಂಪನ್ನು ಆರಿಸಿದ್ದು ಒಳ್ಳೆಯದಾಯಿತು.

ಕಲಿಯುವವರು ಹೆಚ್ಚಾಗಿ ಬಳಸುವ ಸಿದ್ಧ ಮೈಕ್ರೊಕಂಟ್ರೋಲರ್ ಬೋರ್ಡ್ ಆರ್ಡುಯಿನೊ ಉನೊವನ್ನೇ ಗೂಡಿನೊಳಗೆ ಇಡಬೇಡಿ. ಅದರ ಮುಖ್ಯ ಚಿಪ್ ನಿದ್ರೆಗೆ ಹೋದರೂ, ಪಕ್ಕದ ಪವರ್ ದೀಪ, ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಸೇರಿ ಹತ್ತಾರು ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತವೆ. ಎಟಿಟೈನಿಗೆ ಪ್ರೋಗ್ರಾಂ ತುಂಬಲು ಮಾತ್ರ ಅದನ್ನು ಬಳಸಿಕೊಳ್ಳಿ.

ಐದನೆಯ ಪಿನ್‌ಗೆ ಒಂದು ಬಟನ್ ಹಾಕಿ, ಹಗಲಲ್ಲಿ ಚಿಪ್ ಅನ್ನು ಪವರ್-ಡೌನ್ ಎಂಬ ಗಾಢ ನಿದ್ರೆಗೆ ಕಳುಹಿಸಿ. ಅದಕ್ಕೂ ಮೊದಲು ಎಡಿಸಿಯನ್ನು (ವೋಲ್ಟೇಜನ್ನು ಅಂಕಿಯಾಗಿ ಅಳೆಯುವ ಚಿಪ್‌ನ ಭಾಗ) ಆಫ್ ಮಾಡಲು ಮರೆಯಬೇಡಿ. ಮರೆತರೆ ಚಿಪ್ ಮಲಗಿದ್ದರೂ ನೂರಾರು ಮೈಕ್ರೊಆಂಪಿಯರ್ ಸೋರುತ್ತಿರುತ್ತದೆ.